ಮಾಡುವ ದಾರಿ, ಮೂಡುವ ರೂಪ

ಉತ್ಪನ್ನ ವಿನ್ಯಾಸ ಕಲಿಯಬೇಕೆಂದು ಬರುವ ಹುಡುಗ ಹುಡುಗಿಯರು ಮೊದಲು ಕೇಳುವುದು, ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂದು. ಸಾಫ್ಟ್‌ವೇರ್ ಬೇಕು, ಅದನ್ನು ಬೇಡವೆನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ಮನೆಗೆ ಹೋಗಿ, ಬಚ್ಚಲುಮನೆಯ ಪ್ಲಾಸ್ಟಿಕ್ ಮಗ್ ತೊಳೆದು, ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಎನ್ನುತ್ತೇನೆ. ರೇಡಿಯೋ ಕೇಳುತ್ತಿರುವ ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದೇ ಇರುತ್ತದೆ. ಸಾಧ್ಯವಾದರೆ ಈಗಲೇ ಕೈಗೆತ್ತಿಕೊಳ್ಳಿ.

ತಳದ ನಟ್ಟನಡುವೆ ಬೆರಳಾಡಿಸಿದರೆ ಚಿಕ್ಕದೊಂದು ಗಂಟು ತಾಗುತ್ತದೆ. ಕರಗಿದ ಪ್ಲಾಸ್ಟಿಕ್ಕು ಅಚ್ಚಿನೊಳಗೆ ನುಗ್ಗಿದ ಜಾಗ ಅದು. ಕಾರ್ಖಾನೆಯವರು ಅದನ್ನು ಗೇಟ್ ಎನ್ನುತ್ತಾರೆ. ಅದರ ಪಕ್ಕದಲ್ಲಿ ತ್ರಿಕೋನದೊಳಗೆ 5 ಎಂಬ ಅಂಕಿ ಇದ್ದರೆ ಆ ಪ್ಲಾಸ್ಟಿಕ್ಕು ಪಾಲಿಪ್ರೊಪಿಲೀನ್. ಇನ್ನು ಹಿಡಿಕೆಯನ್ನು ನೋಡಿ. ಅದರ ಉದ್ದಕ್ಕೆ ಕೂದಲೆಳೆಯಂಥ ಗೆರೆಯೊಂದು ಓಡಿರುತ್ತದೆ. ಅಚ್ಚಿನ ಎರಡು ಹೋಳು ಬಂದು ಕೂಡಿದ ಗುರುತು ಅದು, ಪಾರ್ಟಿಂಗ್ ಲೈನ್. ಹಿಡಿಕೆ ಇಡಿಯಾಗಿ ಗಟ್ಟಿಯಾಗಿಯೂ ಇರುವುದಿಲ್ಲ, ಯಾವುದೋ ಒಂದು ಬದಿಯಲ್ಲಿ ಬಗೆದು ತೆಗೆದ ಹಾಗೆ ಟೊಳ್ಳಾಗಿರುತ್ತದೆ. ಪ್ಲಾಸ್ಟಿಕ್ಕು ಉಳಿಸುವ ಜಿಪುಣತನ ಎಂದು ಹೆಚ್ಚಿನವರು ಅಂದುಕೊಳ್ಳುತ್ತಾರೆ. ಉಳಿತಾಯವೂ ಹೌದು, ಆದರೆ ಮುಖ್ಯ ಕಾರಣ ಬೇರೆ.

ಪಾಲಿಪ್ರೊಪಿಲೀನನ್ನು 200 ಡಿಗ್ರಿಗೂ ಮೇಲೆ ಕಾಯಿಸಿ, ಭಾರಿ ಒತ್ತಡದಲ್ಲಿ ಉಕ್ಕಿನ ಅಚ್ಚಿನೊಳಗೆ ತಳ್ಳುತ್ತಾರೆ. ಆರುವಾಗ ಅದು ಕುಗ್ಗುತ್ತದೆ. 100 ಮಿಲಿಮೀಟರ್ ಉದ್ದದ ಜಾಗದಲ್ಲಿ ಸುಮಾರು 1ರಿಂದ 2 ಮಿಲಿಮೀಟರಿನಷ್ಟು ಕುಗ್ಗುತ್ತದೆ. ಗೋಡೆ ಎಲ್ಲೆಡೆ ಒಂದೇ ದಪ್ಪವಿದ್ದರೆ ಎಲ್ಲವೂ ಒಟ್ಟಿಗೆ ಆರಿ ಒಂದೇ ಸಮ ಕುಗ್ಗುತ್ತದೆ. ಒಂದು ಕಡೆ ಮಾತ್ರ ದಪ್ಪವಿಟ್ಟರೆ ಅಲ್ಲಿ ಹೊರಮೈ ಗಟ್ಟಿಯಾದ ಮೇಲೂ ಒಳಗೆ ಬಿಸಿ ಉಳಿದಿರುತ್ತದೆ. ಆ ಒಳಭಾಗ ನಿಧಾನವಾಗಿ ಕುಗ್ಗುತ್ತಾ ಹೊರಮೈಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಮೇಲೆ ಗುಳಿ ಬೀಳುತ್ತದೆ. ಅದಕ್ಕೇ ಹಿಡಿಕೆ ಟೊಳ್ಳು. ಬಲ ಬೇಕಾದಲ್ಲಿ ಗೋಡೆ ದಪ್ಪ ಮಾಡುವುದಿಲ್ಲ, ತೆಳ್ಳನೆಯ ಪಟ್ಟಿಗಳನ್ನು, ಅಂದರೆ ರಿಬ್‌ಗಳನ್ನು ಕೊಡುತ್ತಾರೆ. ಆ ರಿಬ್ಬಿನ ದಪ್ಪವೂ ಗೋಡೆಯ ದಪ್ಪದ ಅರ್ಧದ ಆಸುಪಾಸಿನಲ್ಲಿರಬೇಕು. ಹೆಚ್ಚಾದರೆ ಅದರ ಬೆನ್ನ ಹಿಂದೆಯೇ ಗುಳಿ ಕಾಣುತ್ತದೆ. ಮನೆಯ ಪ್ಲಾಸ್ಟಿಕ್ ಕುರ್ಚಿಯನ್ನು ತಲೆಕೆಳಗು ಮಾಡಿದರೆ ಇದೇ ಪಾಠ ದೊಡ್ಡಕ್ಷರದಲ್ಲಿ ಸಿಗುತ್ತದೆ.

ಮಗ್ಗಿನ ಬಾಯಿ ಅಗಲ, ತಳ ಕಿರಿದು. ಇದು ಅಂದಕ್ಕೆ ಮಾಡಿದ್ದಲ್ಲ. ಕುಗ್ಗಿದ ಪ್ಲಾಸ್ಟಿಕ್ಕು ಅಚ್ಚಿನ ಒಳಗಿನ ಉಕ್ಕಿನ ತಿರುಳನ್ನು ಬಿಗಿಯಾಗಿ ಅಪ್ಪಿಕೊಂಡಿರುತ್ತದೆ. ಇಡ್ಲಿ ತಟ್ಟೆಯ ಗುಳಿ ನೇರ ಗೋಡೆಯ ಡಬ್ಬಿಯ ಹಾಗಿದ್ದಿದ್ದರೆ ಇಡ್ಲಿ ಇಡಿಯಾಗಿ ಎದ್ದು ಬರುತ್ತಿರಲಿಲ್ಲ, ಹಾಗೆಯೇ ಇದೂ. ಗೋಡೆಗೆ ಕನಿಷ್ಠ 1 ಡಿಗ್ರಿಯಷ್ಟಾದರೂ ಓರೆ ಕೊಡಬೇಕು. ಮೇಲ್ಮೈ ತರಿತರಿಯಾಗಿರಬೇಕೆಂದರೆ ಇನ್ನೂ ಹೆಚ್ಚು. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಆ ಓರೆಯಿಂದಲೇ ಅಂಗಡಿಯಲ್ಲಿ ಮಗ್‌ಗಳು ಒಂದರೊಳಗೊಂದು ಕೂತು, ಒಂದು ಲಾರಿಯಲ್ಲಿ ಎಷ್ಟೋ ಪಟ್ಟು ಹೆಚ್ಚು ಮಾಲು ಬರುತ್ತದೆ. ಹತ್ತಿರದಿಂದ ನೋಡಿದರೆ ಈ ಸಾಮಾನ್ಯ ಮಗ್ಗಿನಲ್ಲಿ ಬರೇ ಮನಸ್ಸಿಗೆ ತೋಚಿ ಮಾಡಿದ ಗೆರೆ ಒಂದೂ ಇಲ್ಲ. ವಸ್ತುವಿನ ಗುಣ, ಅಚ್ಚು ತೆರೆಯುವ ದಿಕ್ಕು, ಸಾಗಣೆ, ನೀರು ಮೊಗೆಯುವ ಕೈ, ಇವೆಲ್ಲ ಸೇರಿ ಅದರ ರೂಪ ತೀರ್ಮಾನವಾಗಿದೆ.

ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ. ಮೊದಲು ಚಂದದ ರೂಪ ಬರೆದು, ಆಮೇಲೆ ವಸ್ತು ಆರಿಸಿ, ಕೊನೆಗೆ ತಯಾರಕರನ್ನು ಹುಡುಕುವುದಲ್ಲ ವಿನ್ಯಾಸ. ವಸ್ತು, ಮಾದರಿ, ತಯಾರಿಕೆ ಈ ಮೂರೂ ಒಂದೇ ಪಾಠ. ನಮ್ಮ ಬಹಳಷ್ಟು ತರಗತಿಗಳಲ್ಲಿ ಇವನ್ನು ಬೇರೆ ಬೇರೆ ಸೆಮಿಸ್ಟರಿಗೆ ಹಂಚಿಬಿಟ್ಟಿದ್ದೇವೆ, ಮಕ್ಕಳ ತಲೆಯಲ್ಲೂ ಅವು ಬೇರೆ ಬೇರೆಯಾಗಿಯೇ ಉಳಿಯುತ್ತಿವೆ.

ವಸ್ತುವನ್ನು ಕಲಿಯುವುದು ಹೇಗೆ? ಪುಸ್ತಕದ ಕೋಷ್ಟಕ ನೋಡಿ ಸಾಂದ್ರತೆ ಎಷ್ಟು, ಕರಗುವ ಬಿಸಿ ಎಷ್ಟು ಎಂದು ಬಾಯಿಪಾಠ ಮಾಡಬಹುದು. ಅದಕ್ಕಿಂತ ಮೊದಲು ಒಂದು ತುಂಡು ತಾಮ್ರದ ತಂತಿ ಹಿಡಿದು ಒಂದೇ ಜಾಗದಲ್ಲಿ ಬಗ್ಗಿಸಿ, ನೆಟ್ಟಗೆ ಮಾಡಿ, ಮತ್ತೆ ಬಗ್ಗಿಸಿ. ಮೊದಲು ಮೆತ್ತಗಿದ್ದದ್ದು ಬರಬರುತ್ತ ಬಿರುಸಾಗುತ್ತದೆ, ಬಿರುಸಾಗಿ ಮುರಿಯುತ್ತದೆ. ಆ ಬಿರುಸಾದ ತಂತಿಯನ್ನು ಮುರಿಯುವ ಮುನ್ನ ಒಲೆಯಲ್ಲಿ ಕೆಂಪಗೆ ಕಾಯಿಸಿ ಆರಿಸಿದರೆ ಮತ್ತೆ ಮೆತ್ತಗಾಗುತ್ತದೆ. ತಾಮ್ರದ ಹಂಡೆ ಬಡಿಯುವವರು ನಡುನಡುವೆ ಯಾಕೆ ಕಾಯಿಸುತ್ತಾರೆ ಎಂಬುದು ಆಗ ಬೆರಳಿಗೇ ಗೊತ್ತಾಗುತ್ತದೆ. ಲೋಹಶಾಸ್ತ್ರದ ಪುಸ್ತಕದಲ್ಲಿ ಅದಕ್ಕೆ ಅನೀಲಿಂಗ್ ಎಂಬ ಅಧ್ಯಾಯವಿದೆ. ತಂತಿ ಬಗ್ಗಿಸಿ ನೋಡಿದವರಿಗೆ ಆ ಅಧ್ಯಾಯ ಸಲೀಸಾಗಿ ಓದಿಸಿಕೊಂಡು ಹೋಗುತ್ತದೆ.

ಕೈಯಿಂದ ಕಲಿಯಲು ನಮ್ಮ ರಾಜ್ಯದಲ್ಲಿ ಎಷ್ಟೊಂದು ಜಾಗಗಳಿವೆ! ಚನ್ನಪಟ್ಟಣವನ್ನೇ ತೆಗೆದುಕೊಳ್ಳಿ. ಅಲ್ಲಿನ ಆಟಿಕೆಗೆ ಸಾಂಪ್ರದಾಯಿಕವಾಗಿ ಬಳಸುವುದು ಹಾಲೆ ಮರ. ಬಿಳಿ ಮೈ, ಒತ್ತಾದ ನಯವಾದ ಎಳೆ. ಹಸಿ ಮರವನ್ನು ಹಾಗೇ ಬಳಸುವಂತಿಲ್ಲ, ತಿಂಗಳುಗಟ್ಟಲೆ ಒಣಗಿಸಬೇಕು. ಒಣಗಿದ ತುಂಡನ್ನು ಲೇತಿಗೆ ಕಟ್ಟಿ, ಉಳಿ ಹಿಡಿದು ದುಂಡಗೆ ಕಡೆದು, ಉಜ್ಜುಕಾಗದದಲ್ಲಿ ನಯ ಮಾಡಿದ ಮೇಲೆ ಬಣ್ಣದ ಸರದಿ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಸುತ್ತುತ್ತಿರುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೇ ಅರಗು ಕರಗಿ ಮರದ ಮೈಗೆ ಅಂಟುತ್ತದೆ. ಆಮೇಲೆ ಕೇದಗೆಯ ಗರಿಯನ್ನು ಒತ್ತಿ ಹಿಡಿದರೆ ಆ ಅರಗು ಸಮನಾಗಿ ಹರಡಿ ಕನ್ನಡಿಯ ಹೊಳಪು ಬರುತ್ತದೆ. ಬ್ರಷ್ಷಿಲ್ಲ, ಒಣಗಲು ಕಾಯಬೇಕಿಲ್ಲ.

ಈಗ ಇದನ್ನು ವಿನ್ಯಾಸಕಾರರ ಕಣ್ಣಿನಿಂದ ನೋಡಿ. ಮರ ಸುತ್ತಿದರೆ ಮಾತ್ರ ಅರಗು ಕರಗುತ್ತದೆ. ಹಾಗಾಗಿ ದುಂಡನೆಯ ಮೈಗೆ ಈ ಬಣ್ಣ ಸರಾಗ, ಚಪ್ಪಟೆ ಹಲಗೆಗೆ ಇದೇ ದಾರಿಯಲ್ಲಿ ಬಣ್ಣ ಹತ್ತುವುದಿಲ್ಲ. ಚನ್ನಪಟ್ಟಣದ ಗೊಂಬೆಯ ತಲೆ, ಹೊಟ್ಟೆ, ಟೋಪಿ ಎಲ್ಲವೂ ದುಂಡಗಿರುವುದು ಇದರಿಂದಲೇ. ಪೆಟ್ಟಿಗೆಯಾಕಾರದ ಬಸ್ಸಿನ ಚಿತ್ರ ಬರೆದು ತಂದು ಹೀಗೇ ಮಾಡಿಕೊಡಿ ಎಂದು ಹೊರಗಿನಿಂದ ಬಂದವರು ಹಟ ಹಿಡಿದರೆ ಆ ಕುಶಲಕರ್ಮಿ ಮಾಡಿಕೊಟ್ಟಾರು, ಆದರೆ ಅದು ಅವರ ಕಸುಬಿನ ಬಲವನ್ನೆಲ್ಲ ಬದಿಗಿಟ್ಟು ಮಾಡಿದ ಕೆಲಸವಾಗುತ್ತದೆ. ನಾಲ್ಕು ದಿನ ಲೇತಿನ ಪಕ್ಕ ಕೂತು ನೋಡಿದವರು ದುಂಡನೆಯ ತುಂಡುಗಳನ್ನೇ ಗೂಟ ಮತ್ತು ತೂತಿನಿಂದ ಜೋಡಿಸಿ ಹೊಸ ಬಸ್ಸು ಕಟ್ಟಿಯಾರು. ಅಂಥವರು ಬೇಕು.

ಬೀದರಿಗೆ ಹೋದರೆ ಸತುವಿನ ಜೊತೆ ತಾಮ್ರ ಬೆರೆಸಿ ಮರಳಚ್ಚಿನಲ್ಲಿ ಎರಕ ಹೊಯ್ಯುವುದನ್ನು, ಬೆಳ್ಳಿ ಕೂರಿಸುವುದನ್ನು ನೋಡಬಹುದು. ಬೆಳಗಾವಿಯ ಉದ್ಯಮಬಾಗದಲ್ಲಿ ಬೀಡುಕಬ್ಬಿಣದ ಎರಕಶಾಲೆಗಳಿವೆ. ಎರಕಕ್ಕೆ ಮರದ ಮಾದರಿ ಮಾಡುವ ಪ್ಯಾಟರ್ನ್ ಮೇಕರ್‌ಗಳ ಕಸುಬಿಗೆಂದೇ ಬೇರೊಂದು ಅಳತೆಪಟ್ಟಿ ಇದೆ. ಮಾಮೂಲಿ ಸ್ಕೇಲಿನ ಪಕ್ಕ ಇಟ್ಟರೆ ಅದು ತುಸು ಉದ್ದ. ಕರಗಿದ ಬೀಡು ಆರುವಾಗ ಶೇಕಡಾ 1ರಷ್ಟು ಕುಗ್ಗುತ್ತದಲ್ಲ, ಆ ಕುಗ್ಗುವಿಕೆಯನ್ನು ಪಟ್ಟಿಯ ಗೆರೆಗಳಲ್ಲೇ ಸೇರಿಸಿರುತ್ತಾರೆ. ಅದರಲ್ಲಿ ಅಳೆದು ಮಾಡಿದ ಮಾದರಿ ದೊಡ್ಡದಾಗಿರುತ್ತದೆ, ಎರಕ ಆರಿದಾಗ ಸರಿಯಾದ ಅಳತೆಗೆ ಬಂದು ನಿಲ್ಲುತ್ತದೆ. ವಸ್ತುವಿನ ಸ್ವಭಾವವನ್ನು ಒಂದು ಕೋಲಿನ ಮೇಲೆ ಗೆರೆಯಾಗಿ ಇಳಿಸಿದ ಈ ಜಾಣ್ಮೆ ಯಾರದೋ ತಿಳಿಯದು, ಅವರಿಗೆ ಕೈಮುಗಿಯಬೇಕೆನಿಸುತ್ತದೆ.

ಈಗ ಮಾದರಿಯ ಮಾತು. ಕಾಲೇಜುಗಳಲ್ಲಿ ಇವತ್ತು ಮಾದರಿ ಅಂದರೆ 3ಡಿ ಪ್ರಿಂಟ್ ಎಂದಾಗಿದೆ. ಅದೊಂದು ದೊಡ್ಡ ವರ, ಸಂಶಯವಿಲ್ಲ. ಅಮೆರಿಕದ ಚಕ್ ಹಲ್ ಅವರಿಗೆ ಬೆಳಕಿನಿಂದ ದ್ರವವನ್ನು ಪದರ ಪದರವಾಗಿ ಗಟ್ಟಿಮಾಡುವ ವಿಧಾನಕ್ಕೆ 1986ರಲ್ಲಿ ಪೇಟೆಂಟ್ ಸಿಕ್ಕಿತು. ಅದೇ ದಶಕದ ಕೊನೆಗೆ ಸ್ಕಾಟ್ ಕ್ರಂಪ್ ಮಗಳಿಗೊಂದು ಕಪ್ಪೆಯ ಆಟಿಕೆ ಮಾಡಲು ಅಂಟು ಸುರಿಸುವ ಗನ್ ಹಿಡಿದು ಪದರದ ಮೇಲೆ ಪದರ ಇಡುತ್ತಾ ಹೋದರು. ಇವತ್ತು ನಮ್ಮ ಕಾಲೇಜುಗಳ ಮೇಜಿನ ಮೇಲಿರುವ ಪ್ರಿಂಟರುಗಳ ಮೂಲ ಅಲ್ಲಿದೆ. ಹಿಂದೆ ವಾರಗಟ್ಟಲೆ ಹಿಡಿಯುತ್ತಿದ್ದ ಆಕಾರವೊಂದು ರಾತ್ರಿ ಹಚ್ಚಿಟ್ಟರೆ ಬೆಳಿಗ್ಗೆ ಕೈಯಲ್ಲಿರುತ್ತದೆ.

ಆದರೆ ಆ ಪ್ರಿಂಟು ಎಲ್ಲ ಪ್ರಶ್ನೆಗೂ ನಿಜವಾದ ಉತ್ತರ ಕೊಡುವುದಿಲ್ಲ. ಒಂದು ಉದಾಹರಣೆ ಹೇಳುತ್ತೇನೆ. ಶಾಂಪೂ ಬಾಟಲಿಯ ಮುಚ್ಚಳ ನೋಡಿದ್ದೀರಿ, ಮುಚ್ಚಳವೂ ಅದರ ಬುಡವೂ ತೆಳ್ಳನೆಯ ಪೊರೆಯಿಂದ ಕೂಡಿಕೊಂಡಿರುತ್ತವೆ. ಬೇರೆ ಕೀಲಿಲ್ಲ, ಮೊಳೆಯಿಲ್ಲ. ಅರ್ಧ ಮಿಲಿಮೀಟರಿಗಿಂತ ತೆಳುವಾದ ಪಾಲಿಪ್ರೊಪಿಲೀನ್ ಪಟ್ಟಿಯೇ ಕೀಲು. ಅಚ್ಚಿನಲ್ಲಿ ಪ್ಲಾಸ್ಟಿಕ್ಕು ಆ ಸಂದಿಯನ್ನು ದಾಟಿ ಹರಿಯುವಾಗ ಅದರ ಅಣುಸರಪಳಿಗಳು ಹರಿವಿನ ದಿಕ್ಕಿಗೆ ಸಾಲಾಗಿ ನಿಲ್ಲುತ್ತವೆ. ಅಚ್ಚಿನಿಂದ ಹೊರಬಂದ ಕೂಡಲೇ ಒಂದೆರಡು ಸಲ ಮಡಿಸಿದರೆ ಇನ್ನಷ್ಟು ಗಟ್ಟಿಯಾಗುತ್ತವೆ. ಆಮೇಲೆ ಸಾವಿರಾರು ಸಲ ತೆರೆದು ಮುಚ್ಚಿದರೂ ಅದು ಕಿತ್ತುಬರುವುದಿಲ್ಲ. ಇದೇ ಮುಚ್ಚಳವನ್ನು ವಿದ್ಯಾರ್ಥಿಯೊಬ್ಬ ಪ್ರಿಂಟರಿನಲ್ಲಿ ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನಿಂದ ಮಾಡಿದ ಎನ್ನಿ. ನಾಲ್ಕು ಸಲ ತೆರೆಯುವಷ್ಟರಲ್ಲಿ ಕೀಲು ಪಟ್ಟೆಂದು ಮುರಿಯುತ್ತದೆ. ವಿನ್ಯಾಸ ತಪ್ಪು ಎಂದುಕೊಂಡು ಅವನು ಕೀಲನ್ನು ದಪ್ಪ ಮಾಡುತ್ತಾನೆ. ಅದೇ ಚಿತ್ರ ಅಚ್ಚಿಗೆ ಹೋದರೆ, ದಪ್ಪ ಕೀಲು ಸರಿಯಾಗಿ ಮಡಿಯದೆ ಬಿರುಕು ಬಿಡುತ್ತದೆ. ಮಾದರಿ ಹೇಳಿದ್ದು ಪಿಎಲ್‌ಎ ಬಗ್ಗೆ, ಅವನು ಕೇಳಿಸಿಕೊಂಡದ್ದು ತನ್ನ ಮುಚ್ಚಳದ ಬಗ್ಗೆ.

ಪಿಎಲ್‌ಎ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಸೊಟ್ಟಗಾದೀತು. ಪದರಗಳ ನಡುವಿನ ಬೆಸುಗೆ ಪದರದ ಉದ್ದಕ್ಕೆ ಇರುವಷ್ಟು ಗಟ್ಟಿಯಲ್ಲ, ಹಾಗಾಗಿ ನಿಲ್ಲಿಸಿ ಪ್ರಿಂಟ್ ಮಾಡಿದ ಕೊಂಡಿ ಸುಲಭವಾಗಿ ಮುರಿಯುತ್ತದೆ, ಮಲಗಿಸಿ ಮಾಡಿದ್ದು ಉಳಿಯುತ್ತದೆ. ಅದಕ್ಕೆ ಮಾದರಿ ಮಾಡಲು ಹೊರಡುವ ಮೊದಲು ಇದರಿಂದ ಏನನ್ನು ತಿಳಿಯಬೇಕಾಗಿದೆ ಎಂದು ಒಂದು ಸಾಲು ಬರೆದುಕೊಳ್ಳುವುದು ಒಳ್ಳೆಯದು. ಕೈಗೆ ಹಿಡಿತ ಸಿಗುತ್ತದೆಯೇ ಎಂದು ನೋಡಬೇಕಿದ್ದರೆ ಥರ್ಮೋಕೋಲ್ ಕೊರೆದರೆ, ಜೇಡಿಮಣ್ಣು ಮೆತ್ತಿದರೆ ಸಾಕು, ಅರ್ಧ ಗಂಟೆಯ ಕೆಲಸ. ಭಾಗಗಳು ಒಂದಕ್ಕೊಂದು ಕೂರುತ್ತವೆಯೇ ಎಂಬುದಕ್ಕೆ ರಟ್ಟು ಸಾಕು. ಭಾರ ತಡೆಯುತ್ತದೆಯೇ ಎಂಬುದಕ್ಕೆ ನಿಜವಾದ ವಸ್ತುವಿನಲ್ಲೇ ಮಾಡಬೇಕು, ಬೇಕಿದ್ದರೆ ಆಕಾರ ಒರಟಾಗಿರಲಿ. ಹತ್ತಿಪ್ಪತ್ತು ಜನರ ಕೈಗೆ ಕೊಟ್ಟು ನೋಡಬೇಕಿದ್ದರೆ ಒಂದು ಒಳ್ಳೆಯ ಮಾದರಿಯ ಮೇಲೆ ಸಿಲಿಕೋನ್ ಅಚ್ಚು ತೆಗೆದು, ಅದರಲ್ಲಿ ಇಪ್ಪತ್ತರ ಆಸುಪಾಸಿನಷ್ಟು ಪೀಸು ಎರೆದುಕೊಳ್ಳಬಹುದು. ಆಮೇಲೆ ಆ ಸಿಲಿಕೋನ್ ಹರಿಯತೊಡಗುತ್ತದೆ. ಹೊಳಪು ಕೊಟ್ಟು ಬಣ್ಣ ಹೊಡೆದ ಚಂದದ ಮಾದರಿ ಬಹುಮಾನ ತರಬಹುದು. ಕಲಿಸುವುದು ಮಾತ್ರ ಮುರಿಯಲು ಮನಸ್ಸು ಅಳುಕದ ಮಾದರಿ.

ಮಾದರಿಯಿಂದ ಮಾದರಿಗೆ ಕಲಿಯುತ್ತಾ ಹೋದದ್ದಕ್ಕೆ ನಮ್ಮ ದೇಶದಲ್ಲಿ ನನಗೆ ಅತ್ಯಂತ ಪ್ರಿಯವಾದ ಕಥೆ ಜೈಪುರ ಪಾದದ್ದು. 1960ರ ದಶಕದ ಕೊನೆ. ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಮೂಳೆವೈದ್ಯ ಪಿ. ಕೆ. ಸೇಠಿ ಅವರು ಕಾಲು ಕಳೆದುಕೊಂಡವರಿಗೆ ಚಿಕಿತ್ಸೆ ಕೊಡುತ್ತಿದ್ದರು. ಆಗ ಸಿಗುತ್ತಿದ್ದ ಕೃತಕ ಪಾದ ಪಶ್ಚಿಮದ ಬದುಕಿಗೆ ಹೊಂದಿದ್ದು. ಅದರ ಕೀಲು ಬಾಗುತ್ತಿರಲಿಲ್ಲ, ಮೇಲೆ ಶೂ ಹಾಕಲೇಬೇಕು. ನಮ್ಮ ಹಳ್ಳಿಯ ರೈತ ಕುಕ್ಕರುಗಾಲಲ್ಲಿ ಕೂರಬೇಕು, ಚಕ್ಕಳಮಕ್ಕಳ ಹಾಕಬೇಕು, ಕೆಸರಿನಲ್ಲಿ ನಡೆಯಬೇಕು, ದೇವಸ್ಥಾನಕ್ಕೆ ಬರಿಗಾಲಲ್ಲಿ ಹೋಗಬೇಕು. ಹೀಗಾಗಿ ಆ ಪಾದ ಪಡೆದವರು ಅದನ್ನು ಮೂಲೆಗಿಟ್ಟು ಮತ್ತೆ ಊರುಗೋಲು ಹಿಡಿಯುತ್ತಿದ್ದರು.

ಅದೇ ಆಸ್ಪತ್ರೆಯಲ್ಲಿ ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿ ಇದ್ದರು, ಎಲ್ಲರೂ ಮಾಸ್ಟರ್‌ಜಿ ಎನ್ನುತ್ತಿದ್ದರು. ಶಾಲೆ ಕಲಿತದ್ದು ಕಡಿಮೆ, ಮರ, ಲೋಹ, ಕಲ್ಲು ಎಲ್ಲದರಲ್ಲೂ ಕೈ ಪಳಗಿತ್ತು. ಟೈರಿಗೆ ರೀಟ್ರೆಡ್ ಮಾಡುವ ಅಂಗಡಿಯಲ್ಲಿ ಕಚ್ಚಾ ರಬ್ಬರನ್ನು ಅಚ್ಚಿನಲ್ಲಿಟ್ಟು ಬೇಯಿಸುವುದನ್ನು ಕಂಡ ಅವರಿಗೆ, ಪಾದವನ್ನೂ ಹೀಗೇ ಮಾಡಬಹುದಲ್ಲ ಅನ್ನಿಸಿತು. ಪಾದದ ಅಚ್ಚು ಮಾಡಿ ರಬ್ಬರ್ ತುಂಬಿ ಬೇಯಿಸಿದರು. ಪಾದ ಬಂತು, ಆದರೆ ಇಡೀ ರಬ್ಬರಾದ್ದರಿಂದ ಭಾರ, ಬಿರುಸು. ಹಾಗಾದರೆ ಒಳಗಡೆ ಹಗುರಾದ್ದು ಬೇಕು. ಮುಂಗಾಲಿಗೂ ಹಿಮ್ಮಡಿಗೂ ಸ್ಪಂಜಿನಂಥ ಮೈಕ್ರೋಸೆಲ್ಯುಲರ್ ರಬ್ಬರು, ನಡುವೆ ಕಣಕಾಲಿಗೆ ಮರದ ತುಂಡು, ಬಲಕ್ಕೆ ಟೈರಿನಲ್ಲಿ ಬಳಸುವ ನೂಲಿನ ಪದರ, ಇವೆಲ್ಲದರ ಮೇಲೆ ಚರ್ಮದ ಬಣ್ಣದ ರಬ್ಬರ್ ಹೊದಿಕೆ. ಎಲ್ಲವನ್ನೂ ಅಲ್ಯೂಮಿನಿಯಂ ಡೈ ಒಳಗಿಟ್ಟು ಒಟ್ಟಿಗೆ ಬೇಯಿಸಿದಾಗ ಒಂದೇ ಪಾದವಾಗಿ ಹೊರಬಂತು. ಮೂರು ತುಂಡುಗಳ ನಡುವಿನ ರಬ್ಬರು ಎಲ್ಲ ದಿಕ್ಕಿಗೂ ಬಾಗುವುದರಿಂದ ಏರುಪೇರಿನ ನೆಲದಲ್ಲೂ ಪಾದ ಹೊಂದಿಕೊಳ್ಳುತ್ತದೆ.

ಇಲ್ಲಿ ಯಾವುದು ವಸ್ತುವಿನ ಆಯ್ಕೆ, ಯಾವುದು ಮಾದರಿ, ಯಾವುದು ತಯಾರಿಕೆ? ಗೆರೆ ಎಳೆದು ಬೇರ್ಪಡಿಸಲು ಬರುವುದಿಲ್ಲ. ಟೈರ್ ಅಂಗಡಿಯ ತಂತ್ರ ಗೊತ್ತಿದ್ದರಿಂದ ರಬ್ಬರಿನ ಯೋಚನೆ ಬಂತು, ರಬ್ಬರಿನ ಭಾರ ಕಂಡಿದ್ದರಿಂದ ಸ್ಪಂಜು ಬಂತು, ರೋಗಿಗಳು ಕಟ್ಟಿಕೊಂಡು ನಡೆದು ನೋಡಿದ್ದರಿಂದ ಒಳಗಿನ ತುಂಡುಗಳ ಜಾಗ ಸರಿಯಾಯಿತು. ಊರೂರಿನ ಸಣ್ಣ ಕಾರ್ಯಾಗಾರದಲ್ಲಿ ಸಿಗುವ ಸಾಮಾನು, ಸಲಕರಣೆಯಲ್ಲೇ ಮಾಡಬಹುದಾದ್ದರಿಂದ ಅದು ಬೇರೆ ಬೇರೆ ದೇಶಗಳಿಗೂ ಹೋಯಿತು. ಮೊಳಕಾಲಿನ ಕೆಳಗಿನ ಭಾಗವನ್ನು ಮೊದಲು ಅಲ್ಯೂಮಿನಿಯಂ ತಗಡಿನಲ್ಲಿ ಬಡಿದು ಮಾಡುತ್ತಿದ್ದರು, ಮುಂದೆ ನೀರಾವರಿಗೆ ಬಳಸುವ ಎಚ್‌ಡಿಪಿಇ ಪೈಪು ಕಾಯಿಸಿ ಎಳೆದು ಮಾಡತೊಡಗಿದರು. ಸೇಠಿ ಅವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಶರ್ಮ ಅವರ ಹೆಸರು ವಿನ್ಯಾಸ ಕಲಿಯುವ ನಮ್ಮ ಮಕ್ಕಳಲ್ಲಿ ಎಷ್ಟು ಜನರಿಗೆ ಗೊತ್ತು? ಪರದೇಶದ ಕುರ್ಚಿ ಮಾಡಿದವರ ಹೆಸರು ಪಟಪಟನೆ ಹೇಳುವ ತರಗತಿಗಳಲ್ಲಿ ಈ ಹೆಸರನ್ನು ಮೊದಲ ವಾರವೇ ಹೇಳಬೇಕು.

ತಯಾರಿಕೆಯ ಖರ್ಚಿನ ಬಗ್ಗೆ ಒಂದು ಮಾತು. ಮಗ್ಗಿನ ಹಾಗೆ ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ತಳ್ಳುವ ಇಂಜೆಕ್ಷನ್ ಮೋಲ್ಡಿಂಗ್‌ನಲ್ಲಿ ಒಂದು ಪೀಸಿಗೆ ಬೀಳುವ ಖರ್ಚು ಬಹಳ ಕಡಿಮೆ, ಆದರೆ ಉಕ್ಕಿನ ಅಚ್ಚಿಗೆ ಲಕ್ಷಗಟ್ಟಲೆ ಬೇಕು. ಲಕ್ಷ ಪೀಸು ಮಾರುವವರಿಗೆ ಅದು ಸರಿ. ಐನೂರು ಪೀಸು ಬೇಕಿರುವ ಸಣ್ಣ ಉದ್ಯಮಿಗೆ ತಗಡು ಲೇಸರಿನಲ್ಲಿ ಕತ್ತರಿಸಿ ಬಗ್ಗಿಸುವುದೋ, ಮರವೋ, ಸಿಲಿಕೋನ್ ಅಚ್ಚಿನ ಎರಕವೋ ಸರಿಹೋಗುತ್ತದೆ. ಎಷ್ಟು ಪೀಸು ಎಂಬ ಪ್ರಶ್ನೆಗೆ ಉತ್ತರ ಸಿಗುವ ತನಕ ರೂಪವನ್ನು ಅಂತಿಮ ಮಾಡಬಾರದು, ಯಾಕೆಂದರೆ ದಾರಿ ಬದಲಾದರೆ ಗೆರೆಗಳೆಲ್ಲ ಬದಲಾಗುತ್ತವೆ. ತಗಡಿಗೆ ಬಗ್ಗಿಸುವ ಮೂಲೆಯ ದುಂಡು ಬೇಕು, ಪ್ಲಾಸ್ಟಿಕ್ಕಿಗೆ ಓರೆ ಬೇಕು, ಮರಕ್ಕೆ ಎಳೆಯ ದಿಕ್ಕು ಬೇಕು.

ಇದನ್ನೆಲ್ಲ ಕಲಿಯಲು ದೊಡ್ಡ ವಿನ್ಯಾಸ ಸಂಸ್ಥೆಗೇ ಸೇರಬೇಕೆಂದಿಲ್ಲ. ಡೆನ್ಮಾರ್ಕಿನ ಸಹಕಾರದಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಈಗ ರಾಜ್ಯದ ಹಲವು ಊರುಗಳಲ್ಲಿದೆ. ಎಸ್ಸೆಸ್ಸೆಲ್ಸಿ ಆದವರು ಅಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಕಲಿಯಬಹುದು. ಅಲ್ಲಿ ಫೈಲಿಂಗ್ ಮಾಡುತ್ತಾ ಅಂಗೈ ಬೊಬ್ಬೆಯೆದ್ದ ಹುಡುಗಿಗೆ ಒಂದು ಮಿಲಿಮೀಟರಿನ ನೂರನೇ ಒಂದು ಭಾಗ ಅಂದರೇನು ಎಂಬುದು ಮೈಗೇ ಗೊತ್ತಿರುತ್ತದೆ. ವಿನ್ಯಾಸದ ಪದವೀಧರರೂ ಅಂಥವರೂ ಒಂದೇ ಮೇಜಿಗೆ ಕೂತು ಕೆಲಸ ಮಾಡುವ ದಿನ ಬರಬೇಕು ಎಂಬುದು ನನ್ನ ಮನಸ್ಸಿನ ಆಸೆ. ಗೆರೆ ಎಳೆಯುವವರು ಮೇಲೆ, ಲೋಹ ಕೊರೆಯುವವರು ಕೆಳಗೆ ಎಂಬ ಭಾವನೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ, ಅದರಿಂದ ನಷ್ಟವಾಗುತ್ತಿರುವುದು ಮುಖ್ಯವಾಗಿ ಗೆರೆ ಎಳೆಯುವವರಿಗೆ.

ಬೆಂಗಳೂರಿನಲ್ಲಿರುವ ಕಿರಿಯರಿಗೆ ಪೀಣ್ಯ ಕೈಗಾರಿಕಾ ಪ್ರದೇಶ ಹತ್ತಿರವೇ ಇದೆ. ನೀವು ಬರೆದ ಚಿತ್ರ ಹಿಡಿದು ಅಲ್ಲಿನ ಒಂದು ಸಣ್ಣ ವರ್ಕ್‌ಶಾಪಿಗೆ ಹೋಗಿ. ಊಟದ ಹೊತ್ತು, ಶಿಫ್ಟ್ ಬದಲಾಗುವ ಹೊತ್ತು ಬೇಡ. ಇದನ್ನು ಮಾಡಲು ಆಗುತ್ತಾ ಎಂದು ಕೇಳಿದರೆ, ಆಗುತ್ತೆ ಸಾರ್ ಎನ್ನುವ ಉತ್ತರ ಬರುತ್ತದೆ, ಅಲ್ಲಿಗೆ ಮಾತು ಮುಗಿಯಿತು. ಅದರ ಬದಲು, "ಅಣ್ಣಾ, ಇದರಲ್ಲಿ ನಿಮಗೆ ತೊಂದರೆ ಕೊಡೋ ಜಾಗ ಯಾವುದು?" ಎಂದು ಕೇಳಿ. ಮಿಲ್ಲಿಂಗ್ ಮಾಡುವವರಾದರೆ ಅವರ ಬೆರಳು ಬಹುಶಃ ಜೇಬಿನಂಥ ಗುಳಿಯ ಒಳಮೂಲೆಗೆ ಹೋಗುತ್ತದೆ. ನೀವು ಅಲ್ಲಿ ಚೂಪಾದ ಮೂಲೆ ಬರೆದಿರುತ್ತೀರಿ. ಕತ್ತರಿಸುವ ಕಟ್ಟರ್ ದುಂಡಗೆ ಸುತ್ತುವ ಸಾಧನ, ಒಳಮೂಲೆಯನ್ನು ಚೂಪಾಗಿ ಬಿಡಲು ಅದಕ್ಕೆ ಬರುವುದಿಲ್ಲ. ಚೂಪು ಬೇಕೇ ಬೇಕು ಎಂದರೆ ಪೀಸನ್ನು ಅಲ್ಲಿಂದ ಬಿಚ್ಚಿ, ಎಲೆಕ್ಟ್ರೋಡ್ ಮಾಡಿಸಿ, ಸ್ಪಾರ್ಕ್ ಮೆಷಿನ್ನಿಗೆ ಕಟ್ಟಿ ವಿದ್ಯುತ್ ಕಿಡಿಯಿಂದ ಕೊರೆಯಬೇಕು. ಅದಕ್ಕೆ ಬೇರೆ ದುಡ್ಡು, ಬೇರೆ ದಿನ. ಆ ಮೂಲೆಗೆ 3 ಮಿಲಿಮೀಟರ್ ದುಂಡು ಕೊಟ್ಟರೆ 6 ಮಿಲಿಮೀಟರ್ ಕಟ್ಟರ್ ಒಂದೇ ಸಲಕ್ಕೆ ಸುತ್ತಿ ಬರುತ್ತದೆ. ಇನ್ನೂ ಒಂದು ಚೂರು ಹೆಚ್ಚು ದುಂಡು ಕೊಟ್ಟರೆ ಕಟ್ಟರ್ ಮೂಲೆಯಲ್ಲಿ ಅದುರದೆ ನಯವಾಗಿ ತಿರುಗುತ್ತದೆ.

ಅವರು ಇದನ್ನು ಹೇಳುವಾಗ ಬರೆದುಕೊಳ್ಳಿ, ಅಲ್ಲೇ ಚಿತ್ರ ತಿದ್ದಿ, ತಿದ್ದಿದ್ದನ್ನು ಮತ್ತೆ ಅವರಿಗೇ ತೋರಿಸಿ. ಬರುವಾಗ ಕತ್ತರಿಸಿ ಉಳಿದ ಅಲ್ಯೂಮಿನಿಯಂ ತುಂಡೊಂದನ್ನು ಕೇಳಿ ತಂದುಕೊಳ್ಳಿ. ಗರಗಸ, ಅರ ಹಿಡಿದು ಮುಂದಿನ ವಾರಕ್ಕೆ ಅದರಲ್ಲಿ ಏನಾದರೂ ಮಾಡಿ ಅವರಿಗೆ ತೋರಿಸಿದರೆ, ಎರಡನೆಯ ಪಾಠ ಅವರೇ ಶುರು ಮಾಡುತ್ತಾರೆ.